ಮೈಸೂರಿನಲ್ಲಿ ಮೈನಸ್ ಮೂವತ್ತು

ಐವತ್ತು ದಾಟಿದ ಮೇಲೆ ನಾನು ಜೀಪು ಕೊಂಡೆ. ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ಹೆಂಗಸಿಗೆ ಗುಡ್ಡ ಹತ್ತುವ ಗಾಡಿ ಯಾಕೆ ಎಂದು ಗೋಕುಲಂನ ನಮ್ಮ ಬೀದಿಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ನನ್ನ ಗಂಡನನ್ನು ಕೇಳಿದರು. ಅವರು "ಅವಳನ್ನೇ ಕೇಳಿ" ಎಂದು ತಪ್ಪಿಸಿಕೊಂಡರು. ಹಾಗಾಗಿ ಉತ್ತರ ಯಾರಿಗೂ ಸಿಗಲಿಲ್ಲ. ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಭಾನುವಾರಗಳಲ್ಲಿ ಏಳೆಂಟು ಗಾಡಿಗಳು ಸೇರಿ ಇಲವಾಲದ ಆಚೆ ಮಣ್ಣುದಾರಿ ಹಿಡಿಯುತ್ತಿದ್ದೆವು. ಎಲ್ಲವೂ ಫ್ಯುಯೆಲ್ ಇಂಜೆಕ್ಷನ್ ಇದ್ದ ಹೊಸ ಕಾಲದ ಗಾಡಿಗಳು, ಒಂದನ್ನು ಬಿಟ್ಟು. ಅದು ನಿವೃತ್ತ ಪಶುವೈದ್ಯರೊಬ್ಬರ ಹಳೆಯ ಜೀಪು. ಅದಕ್ಕಿದ್ದದ್ದು ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಕಾಲದ ಕಾರ್ಬ್ಯುರೇಟರ್. ಡಿಸೆಂಬರಿನ ಮಂಜಿನಲ್ಲಿ ಅದು ಕೆಮ್ಮುತ್ತಿತ್ತು, ಸೀನುತ್ತಿತ್ತು, ಕೊನೆಗೆ ಮೌನವಾಗುತ್ತಿತ್ತು. ಡಾಕ್ಟರು ಚೋಕ್ ಎಳೆದು, ಈಯಲು ಬಂದ ಹಸುವಿನ ಬೆನ್ನು ತಟ್ಟುವಂತೆ ಬಾನೆಟ್ ತಟ್ಟುತ್ತಾ ನಿಲ್ಲುತ್ತಿದ್ದರು.

ಅಂಥ ಒಂದು ಬೆಳಿಗ್ಗೆ, ಎಲ್ಲರೂ ಕಾಯುತ್ತಿದ್ದಾಗ, ನಾನು ಪಾಠ ಶುರು ಮಾಡಿದೆ. ಯಾರೂ ಕೇಳಿರಲಿಲ್ಲ.

"ತಣ್ಣನೆ ಗಾಳಿ ದಟ್ಟವಾಗಿರುತ್ತೆ ಡಾಕ್ಟ್ರೇ. ಅದಕ್ಕೆ ತಕ್ಕ ಹಾಗೆ ಪೆಟ್ರೋಲೂ ಜಾಸ್ತಿ ಬೇಕು. ನಿಮ್ಮ ಕಾರ್ಬ್ಯುರೇಟರ್‌ಗೆ ಅದು ತಿಳಿಯಲ್ಲ. ನನ್ನ ಗಾಡೀಲಿ ಒಂದು ಸೆನ್ಸರ್ ಒಳಗೆ ಹೋಗೋ ಗಾಳಿ ಎಷ್ಟು ಬಿಸಿ ಅಂತ ಅಳೆಯುತ್ತೆ. ಕಂಪ್ಯೂಟರ್ ಲೆಕ್ಕ ಹಾಕಿ ಅಷ್ಟೇ ಪೆಟ್ರೋಲ್ ಚಿಮ್ಮಿಸುತ್ತೆ. ಚಳಿ, ಬಿಸಿಲು, ಮಳೆ, ಎಲ್ಲಾ ಅದಕ್ಕೊಂದೇ."

"ನಮ್ಮ ಮಠದಲ್ಲಿ ಸಮಚಿತ್ತ ಅಂತಾರಲ್ಲ, ಅದು ನಿಮ್ಮ ಗಾಡಿಗೇ ಮೊದಲು ಸಿಕ್ಬುಡ್ತು ಅನ್ನಿ," ಎಂದರು ಡಾಕ್ಟರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಏಪ್ರಿಲ್‌ನಲ್ಲಿ ನನ್ನ ಗಾಡಿ ಕಪ್ಪು ಹೊಗೆ ಬಿಡಲು ಶುರು ಮಾಡಿತು. ಏರಿನಲ್ಲಿ ಬಿಕ್ಕಳಿಸುತ್ತಿತ್ತು. ಗೇಟಿನೊಳಗೆ ನಿಲ್ಲಿಸಿದರೆ ಅಡುಗೆಮನೆವರೆಗೂ ಪೆಟ್ರೋಲ್ ವಾಸನೆ. ನಾನು ಗಾಬರಿಯಾಗಲಿಲ್ಲ. ಕಾರಣ ಗೊತ್ತಿತ್ತಲ್ಲ! ಬಿಸಿಗಾಳಿ ತೆಳು, ಆಮ್ಲಜನಕ ಕಡಿಮೆ, ಎಂಜಿನ್ ಬಲ ಕುಗ್ಗುತ್ತದೆ ಎಂದು ಗಂಡನಿಗೆ ವಿವರಿಸಿದೆ. ಮುಂದಿನ ವಾರ ಎರಡು ಮಳೆ ಬಿದ್ದು ತಂಪಾಯಿತು. ಹೊಗೆ ಹಾಗೇ ಇತ್ತು. ಈಗ ಗಾಳಿಯಲ್ಲಿ ತೇವಾಂಶ ಹೆಚ್ಚು, ನೀರಾವಿಯು ಆಮ್ಲಜನಕದ ಜಾಗ ಕಸಿಯುತ್ತದೆ ಎಂದೆ. ಎರಡೂ ಸಿದ್ಧಾಂತಗಳು ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಸಿಗುವಂಥವು.

ಗಂಡ ಪೇಪರ್ ಮಡಿಸಿ, "ಪಕ್ಕದ್ಮನೆ ಸ್ಕೂಟರಿಗೂ ಇದೇ ಗಾಳಿ ತಾನೇ?" ಎಂದರು.

"ಸ್ಕೂಟರ್ ಬೇರೆ," ಎಂದೆ.

ಆ ಭಾನುವಾರ ಕೆರೆ ಏರಿಯ ಪಕ್ಕದ ಕಡಿದಾದ ದಿಣ್ಣೆಯನ್ನು ನಾನೇ ಮೊದಲು ಹತ್ತಬೇಕಿತ್ತು. ಅರ್ಧ ಹತ್ತುವಷ್ಟರಲ್ಲಿ ಎಂಜಿನ್ ಎರಡು ಸಲ ಬಿಕ್ಕಿ, ಇಟ್ಟಿಗೆ ಗೂಡಿನಷ್ಟು ಹೊಗೆ ಕಾರಿ ನಿಂತುಬಿಟ್ಟಿತು. ಮತ್ತೆ ಸ್ಟಾರ್ಟ್ ಆಗಲಿಲ್ಲ. ಎಲ್ಲರೂ ಇಳಿದು ಬಂದು ನೋಡಿದರು. ಡಾಕ್ಟರು ತಮ್ಮ ಹಳೆಯ ಜೀಪನ್ನು ಸುತ್ತುಹಾಕಿಸಿ ದಿಣ್ಣೆಯ ಮೇಲಕ್ಕೆ ತಂದು, ಹಗ್ಗ ಕಟ್ಟಿ ನನ್ನನ್ನು ಎಳೆದರು. ಅದು ಆ ದಿನ ಒಂದೇ ಒಂದು ಸಲ ಕೂಡ ಕೆಮ್ಮಲಿಲ್ಲ.

"ಹವೆ ಸರಿಯಿಲ್ಲ, ಅಷ್ಟೆ ಬುಡಿ ಮೇಡಂ," ಎಂದರು ಹಗ್ಗ ಬಿಚ್ಚುತ್ತಾ. ನನ್ನ ಸಿದ್ಧಾಂತವನ್ನು ಅವರ ಬಾಯಿಂದ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ಕೃತಜ್ಞತೆ ಹುಟ್ಟಿತು. "ಹೌದು, ಹವೆ. ಬೇಸಿಗೆ ಗಾಳಿ ತೆಳು ನೋಡಿ," ಎಂದೆ.

ಮರುದಿನ ಗಾಡಿಯನ್ನು ಹಿನಕಲ್‌ನ ಗ್ಯಾರೇಜಿಗೆ ಎಳೆಸಿದೆ. ಅಲ್ಲಿಯ ಮೆಕ್ಯಾನಿಕ್ ನನ್ನ ವಯಸ್ಸಿನವರು, ಟ್ರ್ಯಾಕ್ಟರ್ ರಿಪೇರಿಯಿಂದ ಶುರು ಮಾಡಿದವರು. ನನ್ನ ಎರಡೂ ಸಿದ್ಧಾಂತಗಳನ್ನು ತಾಳ್ಮೆಯಿಂದ ಕೇಳಿಸಿಕೊಂಡು, ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಚುಚ್ಚಿ, ಅದರ ಪರದೆಯನ್ನು ಅಂಗಿಯ ತೋಳಿನಿಂದ ಒರೆಸಿ ನೋಡಿದರು.

"ಮೇಡಂ, ಒಸಿ ಇಲ್ಲಿ ಬನ್ನಿ. ಈಗ ಹವೆ ಎಂಗೈತೆ?"

"ಕೆಟ್ಟ ಸೆಖೆ."

"ನಿಮ್ ಗಾಡಿ ಏನಂತೈತೆ ನೋಡಿ."

ಒಳಬರುವ ಗಾಳಿಯ ಉಷ್ಣತೆ ಮೈನಸ್ ಮೂವತ್ತು ಡಿಗ್ರಿ ಎಂದಿತ್ತು.

"ಪಾಪ, ಹಿಮಾಲಯದ ಮ್ಯಾಲೆ ನಿಂತಿವ್ನಿ ಅಂದ್ಕಂಡೈತೆ ಕಣ್ರೀ. ಅದ್ಕೇ ಚಳಿಗೇಂತ ಪೆಟ್ರೋಲ್ ಸುರೀತಾನೇ ಐತೆ."

ಸೆನ್ಸರಿನ ವೈರು ಕೂಡುವ ಜಾಗವನ್ನು ಬಿಚ್ಚಿ ತೋರಿಸಿದರು. ಎರಡು ಸಣ್ಣ ಪಿನ್ನುಗಳ ಮೇಲೆ ಹಸಿರು ಕಿಲುಬು. "ಬಾನೆಟ್ ಎತ್ತಿ ಪ್ರೆಶರ್ ನೀರು ಬುಟ್ರಾ?"

ಬಿಟ್ಟಿದ್ದೆ. ಮಾರ್ಚ್‌ನಲ್ಲಿ, ಕೆಸರು ಮೆತ್ತಿದ ಎಂಜಿನ್ ಹೊಳೆಯಲಿ ಎಂದು ಮನೆಯಂಗಳದಲ್ಲಿ ಅರ್ಧ ಗಂಟೆ ಸ್ನಾನ ಮಾಡಿಸಿದ್ದೆ. ಫೋಟೋ ಕೂಡ ತೆಗೆದು ಜೀಪಿನವರ ಗುಂಪಿಗೆ ಕಳಿಸಿದ್ದೆ.

ಆ ಸೆನ್ಸರಿನೊಳಗೆ ಇರುವುದು ಥರ್ಮಿಸ್ಟರ್. ಚಳಿ ಹೆಚ್ಚಿದಷ್ಟೂ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ಕಿಲುಬು ಕಟ್ಟಿದರೂ ರೋಧ ಹೆಚ್ಚುತ್ತದೆ. ಕಂಪ್ಯೂಟರು ಅದನ್ನೇ ಚಳಿ ಎಂದು ನಂಬುತ್ತದೆ. ಇದನ್ನು ಅವರು ನನಗೆ ಹೇಳಿಕೊಡಬೇಕಾಗಲಿಲ್ಲ. ಥರ್ಮಿಸ್ಟರ್ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ, ಮರೆತ ಮಕ್ಕಳನ್ನು ನಿಲ್ಲಿಸಿ ಬೈಯುತ್ತೇನೆ. ಅವರು ಕನೆಕ್ಟರ್ ಬದಲಿಸಿ, ಮಸಿ ಹಿಡಿದಿದ್ದ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಹೊಸವನ್ನು ಹಾಕಿದರು. ಗಾಡಿ ಮೊದಲಿನಂತಾಯಿತು.

ನಾನು ಆಗಲಿಲ್ಲ. ಗುಂಪಿನಲ್ಲಿ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ತಪ್ಪು ಹವೆಯ ತಲೆ ಮೇಲೇ ಇರಲಿ ಎಂದುಕೊಂಡೆ. ಹವೆಯೇನು ಬಂದು ಜಗಳ ತೆಗೆಯುವುದಿಲ್ಲವಲ್ಲ. ಆದರೆ ಎರಡು ವಾರದ ನಂತರ ಗುಂಪಿಗೆ ಹೊಸದಾಗಿ ಸೇರಿದ ಗಂಡ ಹೆಂಡತಿ ಕಾಣಲಿಲ್ಲ. ಯಾಕೆ ಎಂದು ವಿಚಾರಿಸಿದರೆ ಡಾಕ್ಟರು ಗಂಭೀರವಾಗಿ, "ನಾನೇ ಬರ್ಬೇಡಿ ಅಂದೆ. ಬೇಸಿಗೆ ಗಾಳಿ ತೆಳು, ಇಂಜೆಕ್ಷನ್ ಗಾಡಿಗೆ ಆಗ್ಬರಲ್ಲ, ಮೇಡಂ ಗಾಡೀನೇ ನಿಂತೋಯ್ತು, ಮಳೆಗಾಲದವರ್ಗೂ ತಡೀರಿ ಅಂತ," ಎಂದರು.

ಇಲವಾಲದ ಹೋಟೆಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ಎಲ್ಲವನ್ನೂ ಒಪ್ಪಿಕೊಂಡೆ. ಮೈನಸ್ ಮೂವತ್ತು, ಕಿಲುಬು, ಸ್ನಾನ. ಡಾಕ್ಟರ ಲೋಟ ತುಟಿಯ ಹತ್ತಿರವೇ ನಿಂತಿತು.

"ಅಂದ್ರೆ, ಹವೆ ಸರಿಯಾಗೇ ಇತ್ತು?"

"ಸರಿಯಾಗೇ ಇತ್ತು."

ಅವರು ಕಾಫಿ ಚೆಲ್ಲುವಷ್ಟು ನಕ್ಕರು. ಕಣ್ಣೊರೆಸಿಕೊಂಡು, ಪಕ್ಕದ ಮೇಜಿನವರಿಗೆ ಕೇಳದಂತೆ ದನಿ ತಗ್ಗಿಸಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಸುವಿಗೆ ಮೂರು ದಿನ ಜ್ವರದ ಔಷಧಿ ಕೊಟ್ಟಿದ್ದರಂತೆ. ಥರ್ಮಾಮೀಟರ್ ಇಳಿಯುತ್ತಲೇ ಇರಲಿಲ್ಲ. ಕೊನೆಗೆ ಹಸುವಿನ ಯಜಮಾನಿ ಬಂದು ಅದರ ಕಿವಿ ಮುಟ್ಟಿ, "ತಣ್ಣಗೈತಲ್ಲ ಸಾಮಿ, ನಿಮ್ ಕಡ್ಡೀನೇ ಕೆಟ್ಟೋಗಿರ್ಬೇಕು," ಎಂದಳಂತೆ.

"ಆಮೇಲೆ? ಹಸು ಬದುಕ್ತಾ?"

"ಬದುಕ್ತು ಕಣ್ರೀ. ನಾನು ಹೋಗ್ದೇ ಇದ್ದಿದ್ರೆ ಇನ್ನೂ ಬೇಗ ಬದುಕ್ತಿತ್ತು," ಎಂದು ಡಾಕ್ಟರು ಎದ್ದರು, ಹೊಸ ದಂಪತಿಗೆ ಫೋನ್ ಮಾಡಲು.