ಮತ್ತಿಗಿರಿ ಕೆರೆಯಂಗಳದ ಪೆನಾಲ್ಟಿ

ನ್ಯಾಯದಂಡ ಹಿಡಿದವನಿಗೆ ಬಂಧುವಿಲ್ಲ, ಬಳಗವಿಲ್ಲ. ಲೋಕದ ನಡುವೆ ಅವನು ಒಂಟಿ. ಈ ಮಾತನ್ನು ಸನ್ಮಾನದ ಸಭೆಗಳಲ್ಲಿ ಹೇಳಿ ನಾನು ಚಪ್ಪಾಳೆ ಗಿಟ್ಟಿಸಿದ್ದೇನೆ. ನಿಜಾಂಶವೆಂದರೆ, ಹೊಸೂರಿನ ನಮ್ಮ ಕಾರ್ಖಾನೆಯಲ್ಲಿ ಫುಟ್‌ಬಾಲ್ ಪಂದ್ಯದ ದಿನ ರೆಫರಿಗೆ ಅರ್ಧ ಶಿಫ್ಟ್ ರಜೆಯನ್ನೂ ಕ್ಯಾಂಟೀನಿನಿಂದ ಬೇಯಿಸಿದ ಮೊಟ್ಟೆಯನ್ನೂ ಕೊಡುತ್ತಿದ್ದರು. ನಾನು ನ್ಯಾಯದಂಡ ಹಿಡಿದದ್ದು ಆ ಕಾರಣಕ್ಕೆ. ಎಂಬತ್ತರ ದಶಕದಲ್ಲಿ ಎದೆಯ ಮೇಲೆ ಅಂತರರಾಷ್ಟ್ರೀಯ ಬಿಲ್ಲೆ ಹೊಲಿಸಿಕೊಂಡು ಕೊಲಂಬೊ, ಕಠ್ಮಂಡು ಎಂದೆಲ್ಲ ಓಡಿದ್ದು ಆ ಮೊಟ್ಟೆಗಳ ಬಲದಿಂದಲೇ.

ಎಪ್ಪತ್ತರ ದಶಕದ ಹೊಸೂರು ಈಗ ಹೇಳಿದರೆ ನಂಬುವ ಊರಲ್ಲ. ಬೆಳಗಿನ ಚಳಿಗೆ ಬಾಯಿ ತೆರೆದರೆ ಹೊಗೆ. ಆಲಸನತ್ತಂ ಕಡೆ ಮನೆಗಳಿಗಿಂತ ಹುರುಳಿ ಹೊಲಗಳೇ ಹೆಚ್ಚು. ಹೊಸ ಕಾರ್ಖಾನೆಗಳಿಗೆ ಮೈಸೂರು, ಬಳ್ಳಾರಿ ಕಡೆಯ ಹುಡುಗರು ಬಂದಿಳಿದು, ಮತ್ತಿಗಿರಿಯಲ್ಲಿ ಕೋಣೆ ಹಿಡಿದು, ಸಂಜೆ ಕೆರೆಯಂಗಳದಲ್ಲಿ ಚೆಂಡು ಒದೆಯುತ್ತಿದ್ದರು. ನನ್ನನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಯುತ್ತಿದ್ದರು. ಮೂರೂ ತಿಳಿದಿದ್ದು ಒಂದೂ ತಿಳಿಯದವನ ಮುಖ ಮಾಡುವುದೇ ನನಗೆ ಸಿಕ್ಕ ಮೊದಲ ತರಬೇತಿ. ಮುಂದೆ ಹೊರದೇಶದಲ್ಲಿ ನಿಜವಾಗಿಯೂ ತಿಳಿಯುತ್ತಿರಲಿಲ್ಲವಾದ್ದರಿಂದ ಕೆಲಸ ಸಲೀಸಾಯಿತು.

ರೆಫರಿಯ ಉಡುಪು ಆಗ ಅಡಿಯಿಂದ ಮುಡಿಯವರೆಗೆ ಕಪ್ಪು. ಮೊದಲ ದಿನ ಅದರಲ್ಲಿ ನನ್ನನ್ನು ನೋಡಿದ ಅವ್ವ, ಪ್ಯಾಂಟು ಮರೆತು ಕೋರ್ಟಿಗೆ ಹೊರಟ ಲಾಯರನಂತಿದ್ದೀಯ ಎಂದಳು. ಸೀಟಿಯ ವಿಚಾರದಲ್ಲೂ ಅವಳಿಗೆ ಗೌರವವಿರಲಿಲ್ಲ. "ಊದೋದೇ ಆದ್ರೆ ಒಲೆ ಊದ್ಲಾ, ಮುದ್ದೆನಾದ್ರೂ ಬೇಯ್ತದೆ" ಎನ್ನುವಳು.

ಹೊರದೇಶಕ್ಕೆ ಹೋಗುವವನು ಮೊದಲು ಜಿಲ್ಲೆಯ ದರ್ಜೆಯಿಂದ ರಾಜ್ಯದ ದರ್ಜೆಗೆ ಏರಬೇಕು. ಅದಕ್ಕೆ ಮದ್ರಾಸಿನಿಂದ ಒಬ್ಬ ಪರೀಕ್ಷಕರು ಬಂದು, ನಾನು ನಡೆಸುವ ಒಂದು ಪಂದ್ಯ ನೋಡಿ, ಆಗಬಹುದು ಅನ್ನಬೇಕು. ಅವರು ಬರುವ ದಿನಕ್ಕೆ ಸಿಕ್ಕಿದ ಪಂದ್ಯ ಮತ್ತಿಗಿರಿ ತಂಡಕ್ಕೂ ನಮ್ಮ ಪಕ್ಕದ ಕಾರ್ಖಾನೆಗೂ. ಮತ್ತಿಗಿರಿ ತಂಡದ ಯಜಮಾನ ನನ್ನ ಸೋದರಮಾವ.

ಮಾವ ಫುಟ್‌ಬಾಲ್ ಆಡಿದವನಲ್ಲ. ಸುತ್ತಿನ ಹಳ್ಳಿಗಳಲ್ಲಿ ಹೊಲದ ಗಡಿ ಜಗಳ ಬಂದರೆ ಕಲ್ಲು ನೆಡಿಸಲು ಅವನನ್ನೇ ಕರೆಯುತ್ತಿದ್ದರು. ಎರಡು ಕಡೆಯವರನ್ನೂ ಕೂರಿಸಿ, ಎಲೆ ಅಡಿಕೆ ಕೊಟ್ಟು, ಇಬ್ಬರೂ ಅರ್ಧರ್ಧ ಬೇಸರದಿಂದ ಎದ್ದು ಹೋಗುವಂತೆ ತೀರ್ಮಾನ ಮಾಡುವುದರಲ್ಲಿ ಎತ್ತಿದ ಕೈ. ನೆಟ್ಟ ಕಲ್ಲನ್ನು ಮಾತ್ರ ದೇವರು ಬಂದು ಕೇಳಿದರೂ ಕೀಳಬಾರದು ಎಂಬುದು ಅವನ ಸಿದ್ಧಾಂತ.

ಪರೀಕ್ಷಕರು ಹುಣಸೆಮರದ ಕೆಳಗೆ ಕಬ್ಬಿಣದ ಕುರ್ಚಿಯಲ್ಲಿ, ಬಿಳಿ ಟೋಪಿ ಹಾಕಿಕೊಂಡು, ಗೋಲಿ ಸೋಡಾ ಹಿಡಿದು ಕೂತಿದ್ದರು. ಯಾರೂ ಗೋಲು ಹೊಡೆದಿರಲಿಲ್ಲ. ಆಟ ಮುಗಿಯುವ ಹೊತ್ತಿಗೆ ಮತ್ತಿಗಿರಿಯ ಹುಡುಗನೊಬ್ಬ ಗೋಲಿನ ಮುಂದೆಯೇ ಕಾರ್ಖಾನೆಯ ಕ್ಯಾಪ್ಟನ್ನನ ಕಾಲಿಗೆ ಕಾಲು ಕೊಟ್ಟು ಕೆಡವಿದ. ನಾನು ಸೀಟಿ ಊದಿ ಪೆನಾಲ್ಟಿ ಕೊಟ್ಟೆ.

ಮಾವ ಟವೆಲು ಹೆಗಲಿಗೆ ಹಾಕಿಕೊಂಡು, ಹೊಲಕ್ಕೆ ನಡೆದಂತೆ ನಿಧಾನವಾಗಿ ಮೈದಾನದೊಳಕ್ಕೆ ನಡೆದು ಬಂದ. ಹಿಂದೆ ಊರಿನ ಹಿರಿಯರು. ಎಲ್ಲರೂ ಪೆನಾಲ್ಟಿ ಚುಕ್ಕಿಯ ಸುತ್ತ ಕುಕ್ಕರಗಾಲಲ್ಲಿ ಕೂತರು. ಬಿದ್ದಿದ್ದ ಕ್ಯಾಪ್ಟನ್ನೂ ಎದ್ದು ಬಂದು ಕೂತ. ಅವನು ಬಳ್ಳಾರಿಯವನು, ಮಾವನ ಮನೆಯಲ್ಲೇ ಬಾಡಿಗೆಗಿದ್ದ. ಹಿರಿಯರು ಕೂತಿರುವಾಗ ತಾನು ನಿಂತು ಮಾತಾಡುವುದು ನಮ್ಮ ಕಡೆ ಹುಟ್ಟಿದವನಿಗೆ ಸಾಧ್ಯವಿಲ್ಲ. ನಾನೂ ಕೂತೆ.

ಕ್ಯಾಪ್ಟನ್ ಬಿದ್ದದ್ದನ್ನು ಮಾವ ಅಲ್ಲಗಳೆಯಲಿಲ್ಲ. ಬಿದ್ದವನು ಎದ್ದೂ ಆಗಿದೆಯಲ್ಲ ಎಂಬುದಷ್ಟೇ ಅವನ ವಾದ. ಆದರೂ ಪೂರ್ತಿ ಬೇಡವೆನ್ನಬಾರದು ಎಂದು ಒಂದು ರಾಜಿ ಮುಂದಿಟ್ಟ. ಚೆಂಡನ್ನು ಚುಕ್ಕಿಯ ಮೇಲಿಡದೆ, ಗೋಲಿನಿಂದ ಇನ್ನೂ ದೂರದ ದೊಡ್ಡ ಗೆರೆಯ ಹತ್ತಿರ ಇಟ್ಟು ಒದೆಯುವುದು. ಕಾರ್ಖಾನೆಯ ಮಾತೂ ಉಳಿಯಿತು, ಊರಿನ ಮಾನವೂ ಉಳಿಯಿತು.

ಕ್ಯಾಪ್ಟನ್ ಸ್ವಲ್ಪ ಯೋಚಿಸಿ, ಆಗಲಿ ಬಿಡಿ ಯಜಮಾನ್ರೆ ಎಂದುಬಿಟ್ಟ.

ಮಾವ ನನ್ನ ಕಡೆ ತಿರುಗಿದ. "ಒದೆಯೋನೂ ಒಪ್ಪವ್ನೆ, ಒದೆಸ್ಕೊಳೋನೂ ಒಪ್ಪವ್ನೆ. ಮಧ್ಯದಾಗೆ ನಿಂದೇನ್ಲಾ?"

ನಿಜ ಹೇಳಬೇಕೆಂದರೆ ನಿಯಮದ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಇಬ್ಬರೂ ಒಪ್ಪಿದ ಮೇಲೆ ಮೂರನೆಯವನು ತಕರಾರು ತೆಗೆಯುವುದನ್ನು ಆ ಪುಸ್ತಕ ಬರೆದವರೂ ಕಂಡಿರಲಾರರು. ಮರದ ಕೆಳಗೆ ಪರೀಕ್ಷಕರು ಸೋಡಾ ಕೆಳಗಿಟ್ಟು ಎದ್ದು ನಿಂತಿದ್ದರು. ನನ್ನ ದರ್ಜೆ ಅಲ್ಲೇ ಆ ಸುಣ್ಣದ ಚುಕ್ಕಿಯ ಮೇಲೆ ಕೂತಿತ್ತು.

"ಮಾವ, ಈ ಚುಕ್ಕಿ ಇಟ್ಟೋರ್ಯಾರು?" ಅಂದೆ.

"ನಾನೇ ಕಣ್ಲಾ. ಬೆಳಗ್ಗೆ ಸುಣ್ಣ ತಂದು ಅಳ್ದು ಇಟ್ಟೆ."

"ನೀನಿಟ್ಟ ಗುರ್ತು ನೀನೇ ಕಿತ್ತಾಕಿದ್ರೆ, ನಾಳೆ ಗಡಿಕಲ್ಲು ನೆಡಕೆ ನಿನ್ನ ಯಾರು ಕರೀತಾರೆ?"

ಮಾವ ಚುಕ್ಕಿಯ ಸುಣ್ಣವನ್ನು ಬೆರಳಲ್ಲಿ ಮುಟ್ಟಿ ನೋಡಿದ. ಕೊನೆಗೆ ಅವನು ಮೊಣಕಾಲಿಗೆ ಕೈಯೂರಿ ಎದ್ದ. "ಒದೀರ್ಲಾ. ಇಟ್ಟ ಜಾಗದಿಂದ್ಲೇ ಒದೀರಿ. ಈ ನನ್ಮಗ ನಮ್ಮಕ್ಕನ ಹೊಟ್ಟೇಲಿ ಹುಟ್ಟವ್ನೆ, ನಾನೇನು ಮಾಡಾನ" ಎಂದು ಆಚೆ ನಡೆದ. ಹಿರಿಯರೂ ಹಿಂದೆ ಹೋದರು.

ಕ್ಯಾಪ್ಟನ್ ಚೆಂಡನ್ನು ಚುಕ್ಕಿಯ ಮೇಲಿಟ್ಟ. ಒಮ್ಮೆ ಗೋಲಿನತ್ತ ನೋಡಿದ, ಒಮ್ಮೆ ತನ್ನ ಮನೆ ಮಾಲೀಕನತ್ತ ನೋಡಿದ. ಆಮೇಲೆ ಚೆಂಡನ್ನು, ಮಗುವನ್ನು ಅಜ್ಜಿಯ ಕೈಗೆ ಕೊಡುವಂತೆ, ಮೆಲ್ಲನೆ ಒದ್ದು ಗೋಲ್‌ಕೀಪರನ ಕೈಗೇ ಒಪ್ಪಿಸಿದ.

ಇಷ್ಟೆಲ್ಲ ಆದಮೇಲೆ ಪರೀಕ್ಷಕರು ನನ್ನನ್ನು ಮರದ ಕೆಳಗೆ ಕರೆದರು. ನಾನು ಕೊಟ್ಟ ತೀರ್ಪು ಸರಿ, ಅದಕ್ಕೆ ಅಂಟಿಕೊಂಡದ್ದೂ ಸರಿ ಎಂದು ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ತಮ್ಮ ಇಷ್ಟು ವರ್ಷದ ಸೇವೆಯಲ್ಲಿ ಮೈದಾನದ ನಡುವೆ ಕುಕ್ಕರಗಾಲಲ್ಲಿ ಕೂತ ರೆಫರಿಯನ್ನು ಮಾತ್ರ ನೋಡಿರಲಿಲ್ಲವಂತೆ.

ಆ ವರ್ಷ ನನಗೆ ರಾಜ್ಯದ ದರ್ಜೆ ಸಿಗಲಿಲ್ಲ. ಮರುವರ್ಷ ಕೃಷ್ಣಗಿರಿಯಲ್ಲಿ, ನಮ್ಮ ನೆಂಟರು ಯಾರೂ ಇಲ್ಲದ ಪಂದ್ಯದಲ್ಲಿ, ಸಿಕ್ಕಿತು.