ಕೀಟಾಹಾರಿ ಸಸ್ಯಗಳ ವಿತರಣೆ

ಬೋರ್ಡು ಬರೆಯುವ ಆ ಮನುಷ್ಯನನ್ನು ಊರು ದಪ್ಪಕ್ಷರ ಎಂದೇ ಕರೆಯುತ್ತಿತ್ತು. ಆಳು ಮಾತ್ರ ತನ್ನ ಕುಂಚದ ಹಿಡಿಯಷ್ಟೇ ದಪ್ಪ. ಆದರೆ ಅವನು ಬರೆದ 'ಣ'ದ ಹೊಟ್ಟೆಯಲ್ಲಿ ಒಂದು ಸಂಸಾರ ಆರಾಮಾಗಿ ಕಾಲು ಚಾಚಿ ಮಲಗಬಹುದಿತ್ತು. ಬಸ್ ನಿಲ್ದಾಣದಿಂದ ಹೆರಿಗೆ ಆಸ್ಪತ್ರೆಯವರೆಗೆ ಜನ ಎಲ್ಲಿ ನಿಲ್ಲಬೇಕು, ಎಲ್ಲಿ ಉಗುಳಬಾರದು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನೆಲ್ಲ ಸಾರುತ್ತಿದ್ದದ್ದು ಅವನ ಕೆಂಪು ಬಣ್ಣ. ಊರನ್ನು ಆಳುವವರು ಬೇರೆ ಇದ್ದರು, ನಿಜ. ಅವರಿಗೂ ಬಾಯಿ ಅಂತ ಇದ್ದದ್ದು ಇವನ ಡಬ್ಬಿಯಲ್ಲೇ.

ಈ ಸಾಮ್ರಾಜ್ಯದ ಮೇಲೆ ದಂಡೆತ್ತಿ ಬಂದವನು ಸ್ವಂತ ಹೆಂಡತಿಯ ತಮ್ಮ. ಅವನು ಫ್ಲೆಕ್ಸ್ ಮುದ್ರಿಸುವ ಯಂತ್ರ ತಂದು ಕೂರಿಸಿದ. ಮೊದಲು ಔಷಧಿ ಅಂಗಡಿ ಶರಣಾಯಿತು, ಆಮೇಲೆ ಹೊಲಿಗೆ ಅಂಗಡಿ, ಕೊನೆಗೆ ಪ್ರಾಣಸ್ನೇಹಿತನಾಗಿದ್ದ ಪಂಕ್ಚರ್ ಅಂಗಡಿಯವನೂ ಕೈಕೊಟ್ಟ. ಮೈದುನ ಕೆಟ್ಟವನಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವನೋ ಬಲು ಒಳ್ಳೆಯವನು.

"ಭಾವ, ನಮ್ಮಂಗಡಿಗೇ ಬಂದ್ಬಿಡಿ. ಫ್ಯಾನ್ ಕೆಳಗೆ ಸ್ಟೂಲ್ ಹಾಕಿಸ್ತೀನಿ. ಫ್ಲೆಕ್ಸ್ ಮೂಲೆಗೆ ತೂತು ಹೊಡೆದು ರಿಂಗ್ ಕೂರಿಸಿದ್ರೆ ಸಾಕು" ಎಂದು ಸಿಕ್ಕಾಗಲೆಲ್ಲ ಪ್ರೀತಿಯಿಂದ ಹೇಳುತ್ತಿದ್ದ.

ಆ ಸ್ಟೂಲು ದಪ್ಪಕ್ಷರನ ಕನಸಿನಲ್ಲೂ ಬಂದು ಕೂರಲು ಕರೆಯತೊಡಗಿತು.

ಅವನಿಗೂ ಸ್ಟೂಲಿಗೂ ನಡುವೆ ಉಳಿದಿದ್ದ ಒಂದೇ ಒಂದು ಕೋಟೆ ಎಂದರೆ ಊರಾಚೆಯ ಜೌಗು ಕಚೇರಿ. ಅಲ್ಲಿನ ತೇವಕ್ಕೆ ಫ್ಲೆಕ್ಸು ಪಾಚಿ ಹಿಡಿದು, ಓದುವವರಿಗಿಂತ ಮೊದಲೇ ಹಸಿರಾಗಿಬಿಡುತ್ತಿತ್ತು. ತಗಡಿನ ಮೇಲೆ ಎಣ್ಣೆಬಣ್ಣವೇ ಆಗಬೇಕು. ಕಚೇರಿಯ ಒಡತಿ ಗಿಡದ ಮೇಡಂ. ಉಗುರಿನಗಲದ ಎಲೆಗಳಲ್ಲಿ ಅಂಟಿನ ಹನಿ ಹೊತ್ತು ನೊಣ ಹಿಡಿಯುವ ಗಿಡ, ನೀರೊಳಗೆ ಸಾಸಿವೆಯಷ್ಟು ಚೀಲ ತೆರೆದು ಹುಳ ನುಂಗುವ ಗಿಡ, ಇವೇ ಆಕೆಯ ಮಕ್ಕಳುಮರಿ. ಮಣ್ಣಿನಲ್ಲಿ ಸಾರವಿಲ್ಲದ, ಬಿಸಿಲು ಚೆನ್ನಾಗಿ ಬೀಳುವ ಒದ್ದೆ ನೆಲವೇ ಅವುಗಳ ತವರು. ಹೊಟ್ಟೆಗಿಲ್ಲದ ಊರಲ್ಲಿ ಹುಟ್ಟಿದ್ದಕ್ಕೇ ಅವು ಬೇಟೆ ಕಲಿತದ್ದು.

ಜೌಗಿನ ಬಾಗಿಲಿಗೆ ಹೊಸ ಬೋರ್ಡು ಬೇಕೆಂದು ಮೇಡಂ ಹೇಳಿಕಳಿಸಿದರು. ಮೇಲೆ ನಕ್ಷೆ, ಅದರ ಕೆಳಗೆ 'ಕೀಟಾಹಾರಿ ಸಸ್ಯಗಳ ವಿತರಣೆ ಮತ್ತು ನೆಲೆ' ಎಂಬ ಸಾಲು. ಯಾವ ಗಿಡ ಎಲ್ಲೆಲ್ಲಿ ಹರಡಿಕೊಂಡಿದೆ ಎಂಬುದೇ ವಿತರಣೆ. ಆಕೆಯ ಪ್ರಪಂಚದಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ, ಹಾಗಾಗಿ ಬಿಡಿಸಿ ಹೇಳಲಿಲ್ಲ. ದಪ್ಪಕ್ಷರನ ಪ್ರಪಂಚದಲ್ಲೂ ಆ ಮಾತಿಗೆ ಒಂದೇ ಅರ್ಥ, ಹಾಗಾಗಿ ಅವನು ಕೇಳಲಿಲ್ಲ. ಸಕ್ಕರೆ ವಿತರಣೆ, ಸೀಮೆಎಣ್ಣೆ ವಿತರಣೆ, ಸೊಳ್ಳೆಪರದೆ ವಿತರಣೆ ಎಂದು ಬರೆದೂ ಬರೆದೂ ಅವನ ಕೈಗೆ ಆ ಪದ ಸ್ವಂತ ಹೆಸರಿಗಿಂತ ಚೆನ್ನಾಗಿ ಕೂತಿತ್ತು.

"ಕೆಳಗೆ ಜಾಗ ಉಳಿದ್ರೆ ಏನಾದ್ರೂ ಚೆಂದ ಮಾಡಿ" ಎಂದು ಹೇಳಿ ಮೇಡಂ ಬೇರೊಂದು ಜೌಗು ನೋಡಲು ಹೊರಟುಹೋದರು. ಆಕೆಯ ಮನಸ್ಸಿನಲ್ಲಿದ್ದದ್ದು ಎಲೆಬಳ್ಳಿಯ ಅಂಚು.

ಜಾಗ ಉಳಿಯಿತು. 'ವಿತರಣೆ' ಬರೆದ ಮೇಲೆ ಕೈ ಅಲ್ಲಿಗೇ ನಿಂತ ಉದಾಹರಣೆ ಅವನ ಚರಿತ್ರೆಯಲ್ಲೇ ಇಲ್ಲ. ಅದು ತನ್ನ ಪಾಡಿಗೆ ಮುಂದುವರಿದು, ಊರಿನ ಎಲ್ಲ 'ಣ'ಗಳಿಗೂ ಚಕ್ರವರ್ತಿಯಂಥ 'ಣೆ'ಯೊಂದರ ಕೆಳಗೆ ಹೀಗೆ ಬರೆಯಿತು: 'ಸಾಲಾಗಿ ಬನ್ನಿ. ಚೀಲ ತನ್ನಿ.'

ಜೌಗಿನ ಮಗ್ಗುಲಲ್ಲಿರುವ ಊರಿನ ಸೊಳ್ಳೆಗಳ ಪ್ರತಾಪ ಬಣ್ಣಿಸುವುದಕ್ಕೆ ಬೇರೆಯೇ ಗ್ರಂಥ ಬೇಕು. ಪರದೆಯೊಳಗೆ ಮಲಗಿದವನನ್ನು ಪರದೆ ಸಮೇತ ಎತ್ತಿಕೊಂಡು ಹೋಗುವಂಥವು. ಹೀಗಿರುವಾಗ ಕೀಟ ತಿನ್ನುವ ಗಿಡ ಹಂಚುತ್ತಾರೆಂದರೆ ಮನೆಯಲ್ಲಿ ಕೂರುವವರು ಯಾರು? ಬೋರ್ಡು ನಿಂತ ಮಾರನೆಯ ಬೆಳಗ್ಗೆಯೇ ಸಾಲು ಜೌಗಿನ ಬಾಗಿಲಿಂದ ಮುಖ್ಯರಸ್ತೆಯ ತಿರುವಿನವರೆಗೆ ಬೆಳೆದಿತ್ತು. ಚೀಲ, ಬುಟ್ಟಿ, ಬಕೆಟ್ಟು, ಮಗುವಿನ ತೊಟ್ಟಿಲು. ಎಲ್ಲರಿಗಿಂತ ಮುಂದೆ, ಮುಚ್ಚಳದ ಬಕೆಟ್ಟು ಹಿಡಿದು ನಿಂತಿದ್ದವಳು ದಪ್ಪಕ್ಷರನ ಹೆಂಡತಿ. ಗಂಡ ಊಟಕ್ಕೆ ಕೂತಾಗ ಬೋರ್ಡಿನ ಸಮಾಚಾರ ಬಾಯಿಬಿಟ್ಟಿದ್ದ. ಉಳಿದದ್ದನ್ನು ಅವಳು ಸ್ವಂತ ಬುದ್ಧಿಯಿಂದ ಮಾಡಿಕೊಂಡಿದ್ದಳು.

ಸ್ಕೂಟರಿನಲ್ಲಿ ಬಂದಿಳಿದ ಮೇಡಂ ಸಾಲು ನೋಡಿದರು, ಬೋರ್ಡು ನೋಡಿದರು, ಹೆಲ್ಮೆಟ್ ತೆಗೆಯುವುದನ್ನೇ ಮರೆತು ಭಾಷಣಕ್ಕೆ ನಿಂತರು. ಇವು ಹಂಚುವ ಗಿಡಗಳಲ್ಲ, ಒಳ್ಳೆಯ ಮಣ್ಣಿಗೆ ಹಾಕಿದರೆ ಸಾಯುತ್ತವೆ, ಗೊಬ್ಬರ ಇವಕ್ಕೆ ವಿಷ, ಸಾರವೇ ಇಲ್ಲದ ನೆಲ ಬೇಕು ಎಂದರು. ಇದನ್ನು ಕೇಳಿ ಜನರ ಮುಖ ಅರಳಿತು.

"ಹಾಗಾದ್ರೆ ನಮ್ಮನೆಗೇ ಕೊಡಿ ಮೇಡಂ. ನಮ್ಮ ಹಿತ್ತಲಲ್ಲಿ ಕಳೇನೂ ಹುಟ್ಟಲ್ಲ" ಎಂದಳು ಒಬ್ಬ ಅಜ್ಜಿ.

ಅವಳ ಹಿಂದಿದ್ದ ಕ್ಷೌರಿಕ, ತನ್ನ ಅಂಗಳದ ಮಣ್ಣನ್ನು ಎರೆಹುಳು ಕೂಡ ಮೂಸಿ ನೋಡಿ ವಾಪಸು ಹೋಗಿದೆ ಎಂದ. ನಿನ್ನೆಯವರೆಗೆ ತಂತಮ್ಮ ಮನೆಯ ಮಣ್ಣು ಚಿನ್ನವೆಂದು ಜಂಬ ಕೊಚ್ಚಿದವರೆಲ್ಲ ಅದನ್ನು ಬೂದಿಗೂ ಕಡೆ ಮಾಡಿ ಮಾತಾಡಿದರು. ಗಿಡವೊಂದು ಒಂದು ಸೊಳ್ಳೆ ತಿಂದರೆ ಅದನ್ನು ಅರಗಿಸಿಕೊಳ್ಳಲು ಎಷ್ಟೋ ದಿನ ಬೇಕು ಎಂದು ಮೇಡಂ ಕೊನೆಯ ಬಾಣ ಬಿಟ್ಟರು. ಹಾಗಾದರೆ ಮನೆಗೆ ಒಂದೊಂದು ಬುಟ್ಟಿಯಾದರೂ ಬೇಕೆಂದು ಸಾಲು ಒಮ್ಮತದಿಂದ ತೀರ್ಮಾನಿಸಿತು.

ಅಷ್ಟರಲ್ಲಿ ಮೈದುನ 'ಪ್ರವೇಶ ನಿಷೇಧ' ಎಂಬ ಹೊಚ್ಚಹೊಸ ಫ್ಲೆಕ್ಸ್ ಹೊತ್ತು ಓಡಿಬಂದ. ಬಿಸಿಲಲ್ಲಿ ಬೆಂದಿದ್ದ ಜನ ಉಪಕಾರ ಸ್ಮರಿಸಿ ಅದನ್ನು ಇಸಿದುಕೊಂಡು, ನಾಲ್ಕು ಮೂಲೆಯ ರಿಂಗಿಗೂ ಬೆರಳು ಹಾಕಿ ತಲೆಯ ಮೇಲೆ ಚಪ್ಪರ ಹಿಡಿದರು. ನೆರಳು ಸಿಕ್ಕಿದ್ದೇ ಧೈರ್ಯ ಹೆಚ್ಚಿ, ಅಜ್ಜಿ ಜೌಗಿನ ಸುತ್ತ ಕಟ್ಟಿದ್ದ ಹಗ್ಗದಾಚೆ ಒಂದು ಕಾಲಿಟ್ಟಳು. ಅವಳ ಹೆಬ್ಬೆರಳಿನ ಮುಂದೆಯೇ ಅಂಟುಹನಿಯ ಗಿಡಗಳ ಒಂದು ಕುಟುಂಬ ಬಿಸಿಲು ಕಾಯಿಸುತ್ತ ಕೂತಿತ್ತು.

ಸುದ್ದಿ ಕೇಳಿ ಏಣಿ, ಬಣ್ಣದ ಡಬ್ಬಿ ಹೊತ್ತು ಬಂದು ನಿಂತಿದ್ದ ದಪ್ಪಕ್ಷರನ ಕಡೆ ಮೇಡಂ ತಿರುಗಿದರು. ಧ್ವನಿ ತೀರಾ ಮೆತ್ತಗಿತ್ತು. "ನೋಡಿ, ಇವತ್ತು ಇದೆಲ್ಲ ತುಳಿದು ಹೋದ್ರೆ ಮತ್ತೆ ಬರಲ್ಲ. ಈ ಬೋರ್ಡ್ ಸರಿಮಾಡಿ. ಆಗ್ದಿದ್ರೆ ನಾಳೆಯಿಂದ ನಿಮ್ಮ ಮೈದುನಂಗೇ ಹೇಳ್ತೀನಿ, ಪಾಚಿ ಹಿಡಿದ್ರೂ ಪರವಾಗಿಲ್ಲ."

ಚಪ್ಪರದಡಿಯಿಂದ ಮೈದುನ ಕನಿಕರದ ನೋಟ ಬೀರಿದ. ಆ ನೋಟದಲ್ಲಿ ಸ್ಟೂಲಿನ ಮೂರು ಕಾಲೂ ಕಂಡವು.

ದಪ್ಪಕ್ಷರ ಏಣಿ ಹತ್ತಿದ. ವಿತರಣೆಯನ್ನು ಅಳಿಸಿಹಾಕುವುದು ಅವನ ಉದ್ದೇಶ. ಒರೆಸುವ ಟರ್ಪೆಂಟೈನ್ ಮಾತ್ರ ಮನೆಯ ಕಿಟಕಿಯಲ್ಲೇ ಉಳಿದಿತ್ತು. ಕೈಯಲ್ಲಿದ್ದದ್ದು ಕೆಂಪು ಬಣ್ಣದ ಡಬ್ಬಿಯೊಂದೇ. ಬೋರ್ಡಿನ ತಳದಲ್ಲಿ ಗೇಣಗಲ ಜಾಗವಿತ್ತು. ಅವನಿಗೆ ಏನೂ ತೋಚಲಿಲ್ಲ, ಆದರೆ ಕೈಗೆ ತೋಚಿತು. ವಿತರಣೆಯ ಬೋರ್ಡುಗಳ ಕೆಳಗೆ ಸಂಜೆಯ ವೇಳೆಗೆ ತಪ್ಪದೆ ಬರೆಯುತ್ತಿದ್ದದ್ದನ್ನೇ ಅದು ಬರೆಯತೊಡಗಿತು.

ಸಾಲು ಕತ್ತೆತ್ತಿ ಅಕ್ಷರಕ್ಕಕ್ಷರ ಜೋರಾಗಿ ಓದಿತು. "ದಾ... ದಾಸ್ತಾ..." 'ನು' ಮುಗಿಯುವ ಮೊದಲೇ ಕ್ಷೌರಿಕ ಬುಟ್ಟಿ ಬೋರಲು ಹಾಕಿ ಹೊರಟಿದ್ದ. 'ದಾಸ್ತಾನು ಮುಗಿದಿದೆ' ಎಂಬುದು ಪೂರ್ತಿಯಾದಾಗ ಅಜ್ಜಿಯ ಕಾಲು ಹಗ್ಗದ ಈಚೆಗೆ ಬಂದಿತ್ತು. ಕಣ್ಣೆದುರಿಗೇ ಗಿಡಗಳಿದ್ದವು. ಆದರೂ ಯಾರೊಬ್ಬರೂ ಅತ್ತ ನೋಡಲಿಲ್ಲ. ದಾಸ್ತಾನು ಮುಗಿದ ಮೇಲೆ ನೋಡುವುದೇನು?

"ನಾನಾಗ್ಲೇ ಅಂದಿದ್ದೆ, ಇವೆಲ್ಲ ಮುಂದೆ ನಿಂತೋರಿಗೇ ಅಂತ" ಎಂದು ಗೊಣಗುತ್ತ ಅಜ್ಜಿ ದಪ್ಪಕ್ಷರನ ಹೆಂಡತಿಯ ಮುಚ್ಚಿದ ಬಕೆಟ್ಟನ್ನು ಸುಟ್ಟುಬಿಡುವಂತೆ ನೋಡಿದಳು. ಆ ನೋಟ ಸಾಲಿನುದ್ದಕ್ಕೂ ಹಬ್ಬಿತು.

ಗಿಡಗಳಿದ್ದೂ ಮುಗಿದಿವೆ ಎನ್ನುವುದು ಶುದ್ಧ ಸುಳ್ಳು ಎಂದು ಮೇಡಂ ಆಕ್ಷೇಪಿಸಲು ಬಾಯಿ ತೆರೆದರು. ಖಾಲಿಯಾದ ರಸ್ತೆಯನ್ನೂ ಒಂದೆಲೆಯೂ ನಲುಗದ ಜೌಗನ್ನೂ ನೋಡಿದರು. ಹೆಲ್ಮೆಟ್ ತೆಗೆದರು. "ಕೆರೆ ಕಡೆಯ ಬಾಗಿಲಿಗೂ ಒಂದು ಬೇಕು" ಎಂದರು. "ಏನು ಬರೀಲಿ ಮೇಡಂ?" "ಅದೇ ಬರೀರಿ."

ಆ ಸ್ಟೂಲಿನ ಮೇಲೆ ಈಗ ಮೈದುನನೇ ಕೂತು ರಿಂಗ್ ಹೊಡೆಯುತ್ತಾನೆ.

ದಪ್ಪಕ್ಷರನ ಹೆಂಡತಿ ಮಾತ್ರ ಆ ದಿನ ಖಾಲಿ ಬಕೆಟ್ಟು ಹಿಡಿದೇ ಮನೆಗೆ ಬಂದಳು. ಅದನ್ನು ಇಡೀ ಬೀದಿಯಲ್ಲಿ ನಂಬುವವರಿಲ್ಲ. ಮೊದಮೊದಲು ಆಣೆ ಇಟ್ಟು ನೋಡಿದಳು. ಆಮೇಲೆ ಗಿಡವಿಲ್ಲದೆಯೂ ಗಿಡದ ಮರ್ಯಾದೆ ಸಿಗುತ್ತಿರುವುದು ಅವಳ ಗಮನಕ್ಕೆ ಬಂತು. ಈಗ ಸಂಜೆ ಮೆಟ್ಟಿಲ ಮೇಲೆ ಕೂತಾಗ ನೆರೆಯವರು ಬಂದು, ಹೇಗಿದೆ ಅಕ್ಕ, ಚೆನ್ನಾಗಿ ತಿನ್ನುತ್ತಾ ಎಂದು ಅಸೂಯೆಯಿಂದ ಕೇಳುತ್ತಾರೆ.

"ಅಯ್ಯೋ, ಬಂದಾಗಿಂದ ಮನೇಲಿ ಒಂದು ಸೊಳ್ಳೆ ಇಲ್ಲ ಕಣ್ರೀ" ಎನ್ನುತ್ತ ಅವಳು ತನ್ನ ತೋಳಿಗೆ ತಾನೇ ಪಟಾರನೆ ಹೊಡೆದುಕೊಳ್ಳುತ್ತಾಳೆ.