ಒಡೆದ ತುಟಿಯ ಫೋಟೊ

ಚನ್ನಗಿರಿಯ ಬಸ್ ಸ್ಟ್ಯಾಂಡ್ ಹತ್ತಿರ ಅಪ್ಪನದೊಂದು ಫೋಟೊ ಸ್ಟುಡಿಯೊ ಇತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ ನನ್ನನ್ನು ಅಪ್ಪ ಅಲ್ಲೇ ಕೆಲಸಕ್ಕೆ ಹಚ್ಚಿದರು. ಮರದ ಸ್ಕೇಲು ಹಿಡಿದೇ ಕಲಿಸುತ್ತಿದ್ದರು. ಫೋಕಸ್ ತಪ್ಪಿದರೆ ಬೆರಳ ಗಂಟಿನ ಮೇಲೆ ಒಂದು ಏಟು. ಮೂಗಿನ ನೆರಳು ತುಟಿಗೆ ಇಳಿದರೆ ಎರಡು.

ನನಗೆ ಹದಿನಾರು ತುಂಬಿದ ವರ್ಷ, ಒಂದು ಮಧ್ಯಾಹ್ನ, ಮುಖದ ಮೇಲೆ ಸೆರಗು ಎಳೆದುಕೊಂಡ ಹೆಂಗಸೊಬ್ಬಳು ಒಳಗೆ ಬಂದಳು. ಸ್ಟೂಲಿನ ಮೇಲೆ ಕೂತು ಸೆರಗು ಸರಿಸಿದಳು. ಎಡಗಣ್ಣು ಪೂರ್ತಿ ಮುಚ್ಚಿತ್ತು. ಕೆಳತುಟಿ ಒಡೆದು, ರಕ್ತ ಗಲ್ಲದ ಮೇಲೆ ಒಣಗಿತ್ತು.

"ಹಿಂಗೇ ತೆಗೀರಿ ಅಣ್ಣಾರೆ. ಏನೂ ಒರೆಸಬ್ಯಾಡ್ರಿ."

ಗಂಡನ ಊರು ಸಂತೇಬೆನ್ನೂರು, ತವರು ಜಗಳೂರು. "ಗಂಡ ನನ್ನ ತವರಿಗೆ ಕಳಿಸೋ ಹೊತ್ತಿಗೆ ಗಾಯ ಮಾಯ್ದಿರತೈತೆ, ಅಣ್ಣದೀರು ನಂಬಲ್ಲ. ಈಗಲೇ ಹೋಗೋಣ ಅಂದ್ರೆ ಮಗು ಗಂಡನ ಮನ್ಯಾಗೇ ಐತೆ, ಬಿಟ್ಟು ಹೋಗಾಕೆ ಆಗಲ್ಲ. ಆಸ್ಪತ್ರೆಗೆ ಅಂತ ಹೇಳಿ ಬಂದೀನಿ. ಪಟ ಅಂಚೆಗೆ ಹಾಕ್ರಿ," ಎಂದು ಅಣ್ಣಂದಿರ ವಿಳಾಸ ಬರೆಸಿದಳು.

ಅಪ್ಪ ಅವಳನ್ನು ನೋಡಲಾಗದೆ ಗೋಡೆಯ ಕಡೆ ತಿರುಗಿದರು. "ನೀನೇ ತೆಗಿ," ಎಂದರು ನನಗೆ. ಅಂಥ ಗುರುತುಗಳನ್ನು ನಾನು ಅಮ್ಮನ ಮುಖದ ಮೇಲೂ ಕಂಡಿದ್ದೆ.

ಕ್ಯಾಮೆರಾದ ಗಾಜಿನಲ್ಲಿ ಅವಳ ಮುಖ ತಲೆಕೆಳಗಾಗಿ ಕಂಡಿತು. ದೀಪವನ್ನು ಪಕ್ಕಕ್ಕೆ ಸರಿಸಿದೆ, ಬಾವು ಎದ್ದು ಕಾಣಲೆಂದು. ಫೋಟೊ ತೆಗೆದು ಫಿಲ್ಮನ್ನು ಡಾರ್ಕ್ ರೂಮಿನಲ್ಲಿಟ್ಟು ಹೊರಬರುವಷ್ಟರಲ್ಲಿ ಅವಳ ಗಂಡ ಬಾಗಿಲಲ್ಲಿದ್ದ.

"ಆಸ್ಪತ್ರೆ ಇದೇನೆ?" ಎನ್ನುತ್ತಲೇ ಅವಳ ತುರುಬು ಹಿಡಿದು ಎಳೆದ. ತಲೆ ನೆಲಕ್ಕೆ ಬಡಿಯಿತು. ಅಡ್ಡ ಹೋದ ಅಪ್ಪನ ಮೇಲೆ ದೀಪದ ಕಬ್ಬಿಣದ ಸ್ಟ್ಯಾಂಡ್ ಬೀಸಿದ. ಮಣಿಕಟ್ಟಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಆಮೇಲೆ ಅವನು ಕ್ಯಾಮೆರಾದ ಕಡೆ ನಡೆದ.

ನಾನು ಸ್ಟೂಲು ಎತ್ತಿ ಅವನ ಬೆನ್ನಿಗೆ ಹೊಡೆದೆ. ತಿರುಗಿದಾಗ ತಲೆಗೆ ಹೊಡೆದೆ. ಕಿವಿ ಹರಿದು ರಕ್ತ ಸುರಿಯಿತು. ಮೊಣಕಾಲೂರಿ ಕುಸಿದವನಿಗೆ ಮತ್ತೆ ಹೊಡೆದೆ.

"ಸಾಕು, ಬಿಡು," ಎಂದರು ಅಪ್ಪ.

ಬಿಡಲಿಲ್ಲ. ಕೊನೆಗೆ ಅವಳೇ ತೆವಳಿಕೊಂಡು ಬಂದು ನನ್ನ ತೋಳು ಹಿಡಿದಳು. "ಸತ್ತುಹೋಗ್ತಾನೆ. ಬ್ಯಾಡವ್ವ."

ಪಕ್ಕದ ಹೋಟೆಲಿನವರು ಬಂದು ಅವನನ್ನು ಪೊಲೀಸರಿಗೆ ಒಪ್ಪಿಸಿದರು. ಸಂಜೆಗೆಲ್ಲ ಬಿಟ್ಟರಂತೆ. ಅವಳು ಮಗುವಿಗಾಗಿ ಅದೇ ಊರಿಗೆ ವಾಪಸ್ ಹೋದಳು. ಅಪ್ಪನ ಕೈಗೆ ಆಸ್ಪತ್ರೆಯಲ್ಲಿ ಪಟ್ಟಿ ಹಾಕುತ್ತಿದ್ದಾಗ ನಾನೊಬ್ಬಳೇ ಫಿಲ್ಮ್ ತೊಳೆದು, ಪ್ರಿಂಟ್ ಹಾಕಿ ಜಗಳೂರಿಗೆ ಅಂಚೆಯಲ್ಲಿ ಕಳಿಸಿದೆ.

ವಾರದೊಳಗೆ ಅವಳ ಅಣ್ಣಂದಿರಿಬ್ಬರು ವ್ಯಾನ್ ಮಾಡಿಕೊಂಡು ಬಂದು, ಅವಳನ್ನೂ ಮಗುವನ್ನೂ ಕರೆದುಕೊಂಡು ಹೋಗುವಾಗ ಸ್ಟುಡಿಯೊ ಮುಂದೆ ನಿಲ್ಲಿಸಿದರು.

"ಪಟ ನೋಡಿ ನಮ್ಮವ್ವ ಎರಡು ದಿನ ಉಣ್ಣಲಿಲ್ರಿ," ಎಂದ ದೊಡ್ಡವನು ಅಪ್ಪನಿಗೆ. "ಅವನ ಕಾಲು ಮುರಿದು ಬಂದ್ವಿ."

ಪೇಟೆಯ ಸಾಮಾನಿನ ಬೆಲೆ ಹೇಳುವಂತೆ ಹೇಳಿದ. ಅವಳು ನೆಲ ನೋಡುತ್ತಿದ್ದಳು. ನನಗೆ ಸಂತೋಷವೂ ಆಗಲಿಲ್ಲ, ಮರುಕವೂ ಹುಟ್ಟಲಿಲ್ಲ.

ಅಪ್ಪನ ಕೈ ಮತ್ತೆ ನೆಟ್ಟಗಾಗಲಿಲ್ಲ. ಆ ವರ್ಷ ಮದುವೆ ಕಾಲದ ಫೋಟೊಗಳನ್ನೆಲ್ಲ ನಾನೇ ತೆಗೆದೆ. ಒಮ್ಮೆ ಕೆರೆಬಿಳಚಿಯಿಂದ ಬಂದ ಮುದುಕಿಯೊಬ್ಬಳ ಮುಖ ಸರಿಮಾಡಲು ಗಲ್ಲ ಹಿಡಿದಾಗ, ಸ್ಟೂಲು ಬೀಸಿದ್ದು ಇದೇ ಕೈ ಎಂದು ನೆನಪಾಗಿ, ತಟ್ಟನೆ ಬಿಟ್ಟು ಗೋಡೆಗೆ ಒರಗಿ ನಿಂತೆ.

"ಯಾಕವ್ವ, ಹುಷಾರಿಲ್ಲೇನು?" ಎಂದು ಕೇಳಿದಳು.

ಬೆಳಗಿನಿಂದ ಏನೂ ತಿಂದಿಲ್ಲ ಅಂತ ಸುಳ್ಳು ಹೇಳಿದೆ.